ಜೇಡಿಮಣ್ಣಿನ ಅಳತೆ

ಮೇಸ್ತ್ರಿಗೆ ಹುಬ್ಬುಗಳಿರಲಿಲ್ಲ. ಬೆಸುಗೆಯ ಬೆಂಕಿಗೆ ವರ್ಷಾನುಗಟ್ಟಲೆ ಮುಖ ಕೊಟ್ಟು ಅವು ಸುಟ್ಟು, ಮತ್ತೆ ಬೆಳೆದು, ಮತ್ತೆ ಸುಟ್ಟು, ಕೊನೆಗೆ ಬೇಸತ್ತು ಬರುವುದನ್ನೇ ಬಿಟ್ಟಿದ್ದವು. ಕಣ್ಣುಗಳ ಮೇಲೆ ಚರ್ಮ ನುಣ್ಣಗೆ ಹೊಳೆಯುತ್ತಿತ್ತು. ಹುಬ್ಬಿಲ್ಲದ ಮುಖದಲ್ಲಿ ಕೋಪ ಯಾವುದು, ತಮಾಷೆ ಯಾವುದು ಎಂದು ತಿಳಿಯುವುದು ಕಷ್ಟ. ಅವರು ನಮ್ಮಣ್ಣನನ್ನು ನಿಜಕ್ಕೂ ಬೈಯುತ್ತಿದ್ದಾಗ ನಾನು ನಕ್ಕಿದ್ದೇನೆ; ನನ್ನನ್ನು ಸುಮ್ಮನೆ ರೇಗಿಸುತ್ತಿದ್ದಾಗ ಹೆದರಿದ್ದೇನೆ.

ಅವರ ಊರು ದಾಸರಹಳ್ಳಿ. ಯಶವಂತಪುರದ ರೈಲ್ವೆ ಸ್ಟೇಷನ್ನಿನ ಹಿಂದೆ ಒಂದು ತಗಡಿನ ಶೆಡ್ಡು ಹಾಕಿಕೊಂಡಿದ್ದರು. ಯುದ್ಧದ ಕಾಲದಲ್ಲಿ ಮಿಲಿಟರಿ ಲಾರಿಗಳ ಕೆಳಗೆ ಮಲಗಿ ಕೆಲಸ ಕಲಿತವರು. ಮಂಡಿಗೆ ಬರುವ ಲಾರಿಗಳೆಲ್ಲ ಮುರಿದಾಗ ಅವರ ಬಾಗಿಲಿಗೇ ಬರುತ್ತಿದ್ದವು. ಮೇಸ್ತ್ರಿ ಬೆಸೆದದ್ದು ಇನ್ನೊಂದು ಸಲ ಅದೇ ಜಾಗದಲ್ಲಿ ಮುರಿಯುವುದಿಲ್ಲ ಎಂದು ಡ್ರೈವರುಗಳು ಆಣೆ ಇಟ್ಟು ಹೇಳುತ್ತಿದ್ದರು. ಆ ಮಾತೇ ಅವರ ಆಸ್ತಿ. ಹೊಲ, ಮನೆ ಅಂತ ಬೇರೇನೂ ಇರಲಿಲ್ಲ. ಆ ಒಂದು ಆಸ್ತಿಯನ್ನು ಹಾಳು ಮಾಡಿದವಳು ನಾನು. ಅದನ್ನು ಹೇಳುವುದಕ್ಕೇ ಇದನ್ನು ಬರೆಯಲು ಕೂತಿದ್ದೇನೆ, ಸುತ್ತಿ ಬಳಸುವುದಿಲ್ಲ.

ಅವರು ನಮ್ಮ ಮನೆಗೆ ಬಂದದ್ದು ಅಣ್ಣನ ಕಾರಿನಿಂದ. ಆಗ ಐವತ್ತರ ದಶಕ ಮುಗಿದು ಅರವತ್ತು ಶುರುವಾಗಿತ್ತು. ನಾವು ಯಲಹಂಕದ ಹಳೇ ಊರಿನವರು. ಅಪ್ಪ ರಾಗಿ, ಹುರುಳಿ, ಒಂದಿಷ್ಟು ದ್ರಾಕ್ಷಿ ಬೆಳೆಯುತ್ತಿದ್ದರು. ಅಣ್ಣ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದ. ನಮ್ಮೂರಿನ ವಿಮಾನದ ಓಟಪಥದ ಮೇಲೆ ಕೆಲವು ಭಾನುವಾರ ಕಾರುಗಳ ಪಂದ್ಯ ನಡೆಯುತ್ತಿತ್ತು. ಬೆಂಗಳೂರು ದಂಡು ಪ್ರದೇಶದ ದೊಡ್ಡ ಮನುಷ್ಯರ ಮಕ್ಕಳು ಬಂದು ಓಡಿಸುತ್ತಿದ್ದರು. ಬೇಲಿಯಾಚೆ ನಿಂತು ನೋಡಿ ಬಂದ ನಮ್ಮಣ್ಣನಿಗೆ ಹುಚ್ಚು ಹಿಡಿಯಿತು. ಗುಜರಿಯಿಂದ ಒಂದು ಹಳೇ ಕಾರಿನ ಚಾಸಿ, ಅಂದರೆ ಅಡಿಯ ಕಬ್ಬಿಣದ ಚೌಕಟ್ಟು ತಂದ, ಇನ್ನೊಂದರ ಎಂಜಿನ್ ತಂದ, ಮೇಲೆ ಅಲ್ಯೂಮಿನಿಯಂ ತಗಡು ಬಡಿದು ಎರಡು ಸೀಟಿನ ರೇಸ್ ಕಾರು ಮಾಡುತ್ತೇನೆ ಅಂದ. ಅಪ್ಪ ಕೊಟ್ಟಿಗೆಯ ಅರ್ಧ ಬಿಟ್ಟುಕೊಟ್ಟರು. ಎಮ್ಮೆಗಳ ಪಕ್ಕದಲ್ಲಿ ಕಾರು ಬೆಳೆಯತೊಡಗಿತು.

ಎಲ್ಲವನ್ನೂ ಅಣ್ಣನೇ ಮಾಡಿದ. ಮುಂದಿನ ಚಕ್ರಗಳ ಶಾಕ್ ಅಬ್ಸಾರ್ಬರ್ ಕೂರಿಸುವ ಹೊತ್ತಿಗೆ ಮಾತ್ರ ಸೋತ. ಚಕ್ರ ಹಳ್ಳಕ್ಕೆ ಬಿದ್ದು ಎದ್ದಾಗ ಸ್ಪ್ರಿಂಗು ಕುಣಿಯದಂತೆ ಹಿಡಿದಿಡುವ ಕೊಳವೆ ಅದು. ಕೆಳತುದಿ ಚಕ್ರದ ಅಚ್ಚಿಗೆ, ಅಂದರೆ ಆಕ್ಸಲ್ಲಿಗೆ; ಮೇಲ್ತುದಿ ಚಾಸಿಗೆ. ಮೇಲ್ತುದಿಯನ್ನು ಹಿಡಿಯುವ ಬ್ರಾಕೆಟ್ಟನ್ನು ಎಲ್ಲಿ ಬೆಸೆಯಬೇಕು ಎನ್ನುವುದೇ ತಕರಾರು. ತೀರ ಮೇಲಿಟ್ಟರೆ ಕೊಳವೆ ಹಿಗ್ಗಿ ಕಿತ್ತುಕೊಳ್ಳುತ್ತದೆ. ತೀರ ಕೆಳಗಿಟ್ಟರೆ ದೊಡ್ಡ ಗುಂಡಿಗೆ ಬಿದ್ದಾಗ ಅದು ಪೂರ್ತಿ ಮುಚ್ಚಿಕೊಂಡು, ಇಡೀ ಗಾಡಿಯ ಏಟು ಬೆಸುಗೆಯ ಮೇಲೆ ಬೀಳುತ್ತದೆ. ಬೇರೆ ಬೇರೆ ಗಾಡಿಗಳ ಭಾಗ ಸೇರಿಸಿ ಮಾಡಿದ ಕಾರಿಗೆ ಇಷ್ಟೇ ಎಂದು ಹೇಳುವ ಪುಸ್ತಕ ಎಲ್ಲಿಂದ ಬರಬೇಕು? ಅದಕ್ಕೇ ಅಣ್ಣ ಯಶವಂತಪುರಕ್ಕೆ ಹೋಗಿ ಮೇಸ್ತ್ರಿಯನ್ನು ಕೇಳಿಕೊಂಡ.

ಅವರು ಒಂದು ಭಾನುವಾರ ಬೆಳಗಿನ ಪ್ಯಾಸೆಂಜರ್ ರೈಲಿನಲ್ಲಿ ಬಂದರು. ಕಾರು ಕಲ್ಲುಗಳ ಮೇಲೆ ನಿಂತಿತ್ತು, ಚಕ್ರಗಳು ಗಾಳಿಯಲ್ಲಿ ತೂಗುತ್ತಿದ್ದವು. ಅಣ್ಣ ಬ್ರಾಕೆಟ್ಟಿನ ಜಾಗಕ್ಕೆ ಸೀಮೆಸುಣ್ಣದಲ್ಲಿ ಗುರುತು ಹಾಕಿ ಸಿದ್ಧವಾಗಿಟ್ಟಿದ್ದ. ಮೇಸ್ತ್ರಿ ಅದನ್ನು ನೋಡಿ ಅಂಗೈಯಿಂದ ಒರೆಸಿಬಿಟ್ಟರು.

"ಎತ್ತಿ ಇಟ್ಕಂಡು ಅಳತೆ ತಗೀತಾರಾ ಸ್ವಾಮಿ? ನೆಲದ ಮ್ಯಾಲೆ ನಿಂತಾಗ ಅದರ ಬುದ್ಧಿನೇ ಬ್ಯಾರೆ. ಇಳಿಸಿ. ನೀವು ಒಳಗೆ ಕೂತ್ಕಳಿ."

"ನಾನ್ಯಾಕೆ ಕೂತ್ಕೋಬೇಕು ಮೇಸ್ತ್ರಿ?" ಎಂದು ಅಣ್ಣ ಕೇಳಿದ.

"ಓಡಿಸೋರು ನೀವು ತಾನೆ? ನಿಮ್ ತೂಕ ನಾನು ಎಲ್ಲಿಂದ ತರ್ಲಿ?"

ಅಣ್ಣ ಬಿಸಿಲಲ್ಲಿ ಎರಡು ಗಂಟೆ ಗೊಂಬೆಯ ಹಾಗೆ ಕೂತಿದ್ದ. ಪೆಟ್ರೋಲಿನ ತೂಕಕ್ಕೆ ಹಿಂದೆ ರಾಗಿ ಮೂಟೆ ಬಂತು. "ಮನೆ ರಾಗಿಯೆಲ್ಲ ಕಾರಿಗೆ ತುಂಬಿ, ನಮಗೆ ಏನು ಹಾಕ್ತೀರೋ?" ಎಂದು ಅಮ್ಮ ಗೊಣಗಿದರು. "ಮುದ್ದೆ ನಾನು ಮಾಡ್ಕೊಡ್ತೀನಿ ತಾಯಿ, ನೋಡಿ" ಎನ್ನುತ್ತ ಮೇಸ್ತ್ರಿ ತಮ್ಮ ತಗಡಿನ ಡಬ್ಬಿ ತೆಗೆದರು. ಅದರೊಳಗೆ ಒದ್ದೆ ಗೋಣಿಯಲ್ಲಿ ಸುತ್ತಿದ ಜೇಡಿಮಣ್ಣು.

ಆ ಮಣ್ಣು ನಮ್ಮೂರ ಪಕ್ಕದ ಪುಟ್ಟೇನಹಳ್ಳಿ ಕೆರೆಯದು. ಹರಳೆಣ್ಣೆ ಹಾಕಿ ನಾದಿ ಇಟ್ಟಿರುತ್ತಿದ್ದರು. ಅದರಲ್ಲಿ ಎರಡು ಮುದ್ದೆ ಕಟ್ಟಿ, ಮುಂದಿನ ಆಕ್ಸಲ್ ಮತ್ತು ಚಾಸಿಯ ನಡುವೆ ಎರಡು ಬದಿಗೂ ಮೆತ್ತುತ್ತಿದ್ದರು. ಬ್ರಾಕೆಟ್ಟನ್ನು ನಾಲ್ಕೇ ನಾಲ್ಕು ಚುಕ್ಕಿ ಬೆಸುಗೆಯಲ್ಲಿ ಹಿಡಿಸಿ, ಹಿತ್ತಲಲ್ಲಿ ಸಾಲಾಗಿ ಇಟ್ಟಿಗೆ ಜೋಡಿಸಿ, ಕಾರನ್ನು ಅವುಗಳ ಮೇಲೆ ಹತ್ತಿಸಿ ಇಳಿಸುತ್ತಿದ್ದರು. ಆಮೇಲೆ ಕೆಳಗೆ ತೂರಿ ಮಣ್ಣು ಎಷ್ಟು ಚಪ್ಪಟೆಯಾಗಿದೆ ಎಂದು ನೋಡುವುದು. ಕೊಳವೆ ಮುಚ್ಚಿಕೊಳ್ಳಲು ಇನ್ನೆಷ್ಟು ಜಾಗ ಉಳಿದಿದೆ ಎಂದು ಆ ಮಣ್ಣು ಹೇಳುತ್ತಿತ್ತು. "ಮುದ್ದೆ ಉಳಿದ್ರೆ ಬ್ರಾಕೆಟ್ಟು ಸರಿ, ರೊಟ್ಟಿ ಆದ್ರೆ ತಪ್ಪು" ಎನ್ನುತ್ತಿದ್ದರು. ತಪ್ಪಾದರೆ ಚುಕ್ಕಿಗಳನ್ನು ಉಳಿಯಿಂದ ಒಡೆದು, ಇನ್ನೊಂದಿಷ್ಟು ಮೇಲೆ ಹಿಡಿಸಿ, ಮತ್ತೆ ಹೊಸ ಮುದ್ದೆ. ಪೂರ್ತಿ ಬೆಸುಗೆ ಹಾಕುವುದು ಎಲ್ಲ ಸರಿಯಾದ ಮೇಲೆ, ಕೊನೆಗೆ.

ಅಣ್ಣನಿಗೆ ತಾಳ್ಮೆ ಇರಲಿಲ್ಲ. ಮೇಸ್ತ್ರಿ ಇಲ್ಲದ ವಾರದಲ್ಲಿ ಎಲ್ಲಿ ಕಾರು ತೆಗೆದುಕೊಂಡು ಹೋಗಿಬಿಡುತ್ತಾನೋ ಎಂಬ ಭಯ ಅವರಿಗೂ ಇತ್ತು. ಹಾಗಾಗಿ ಮೊದಲ ದಿನವೇ ಒಂದು ಕಟ್ಟಳೆ ಹಾಕಿದರು. ಹೊರಡುವ ಮೊದಲು ಹೊಸ ಮುದ್ದೆ ಮೆತ್ತಿ, ಅಣ್ಣನನ್ನು, ನನ್ನನ್ನು ಇಬ್ಬರನ್ನೂ ಕರೆದು ತೋರಿಸಿದರು.

"ಈ ಮಣ್ಣು ಇರೋಗಂಟ ಗಾಡಿ ನಂದು. ನಾನು ಇದನ್ನ ತಗುದ್ ಮ್ಯಾಲೆ ನಿಮ್ದು. ತಿಳೀತಾ?"

ಅಣ್ಣ ಆ ಮಾತಿಗೆ ತಪ್ಪಲಿಲ್ಲ. ಪ್ರತಿ ಸಂಜೆ ಕೆಲಸದಿಂದ ಬಂದವನು ಬಗ್ಗಿ ನೋಡುವನು, ಮಣ್ಣು ಇದ್ದರೆ "ಮದುವಣಗಿತ್ತಿ ಇನ್ನೂ ಮಾವನ ಮನೇಲೇ ಇದಾಳೆ" ಎಂದು ನಗುವನು. ಅವನು ದುಡುಕಿನವನಾದರೂ ಕೊಟ್ಟ ಮಾತಿನವನು. ಇದನ್ನು ಬರೆಯಲೇಬೇಕು, ಏಕೆಂದರೆ ಆಮೇಲೆ ಊರವರು ಅವನನ್ನೂ ಬಿಡಲಿಲ್ಲ.

ಮೇಸ್ತ್ರಿ ಬಂದ ದಿನ ನನಗೂ ಕೆಲಸ. ನನಗಾಗ ಇಪ್ಪತ್ತು ವರ್ಷ. ಎಸ್ಸೆಸ್ಸೆಲ್ಸಿ ಮುಗಿಸಿ ಗಂಡು ಹುಡುಕುವುದನ್ನು ಕಾಯುತ್ತ ಮನೆಯಲ್ಲಿ ಕೂತಿದ್ದೆ. ಅವರು ಕಾರಿನ ಕೆಳಗಿನಿಂದ ಕೂಗಿದ ಅಳತೆಯನ್ನು ನಾನು ನೋಟ್ ಪುಸ್ತಕದಲ್ಲಿ ಬರೆದುಕೊಳ್ಳಬೇಕು. "ಅಮ್ಮಣ್ಣಿ, ನಿಮ್ ಅಕ್ಸರ ಚೆನ್ನಾಗೈತೆ. ಆದ್ರೆ ಎರಡೂಮುಕ್ಕಾಲು ಅಂದ್ರೆ ಮೂರು ಬರೀಬ್ಯಾಡಿ. ಕಬ್ಣ ಕಾಲಿಂಚು ದಾನ ಮಾಡಾಕಿಲ್ಲ" ಎನ್ನುತ್ತಿದ್ದರು. ಮಧ್ಯಾಹ್ನ ಜಗಲಿಯ ಮೇಲೆ ಊಟಕ್ಕೆ ಕೂತರೆ ಎಲೆಯ ಪಕ್ಕದಲ್ಲಿ ಪೆನ್ಸಿಲ್ಲು ಇರಲೇಬೇಕು. ಉಣ್ಣುತ್ತ ಉಣ್ಣುತ್ತ ನೆಲದ ಮೇಲೆ ಏನೋ ಗೆರೆ ಎಳೆದು ಯೋಚಿಸುವರು. ಹೆಣ್ಣುಮಗಳಿಗೆ ಇದೆಲ್ಲ ಯಾಕೆ ಎಂದು ಒಂದು ದಿನವೂ ಅನ್ನಲಿಲ್ಲ. ನಮ್ಮ ಮನೆಯಲ್ಲಿ ನನ್ನ ಲೆಕ್ಕವನ್ನು ನಂಬಿ ಕೆಲಸ ಮಾಡಿದ ಮೊದಲ ಮನುಷ್ಯ ಅವರು. ಅದಕ್ಕೆ ನಾನು ಕೊಟ್ಟ ಪ್ರತಿಫಲವನ್ನು ಈಗ ಹೇಳುತ್ತೇನೆ.

ಆಯುಧಪೂಜೆಗೆ ಎರಡು ದಿನ ಮುಂಚೆ ಮೇಸ್ತ್ರಿ ಬಂದರು. ಹಬ್ಬ ಕಳೆದ ಭಾನುವಾರವೇ ಪಂದ್ಯ. ಅಣ್ಣ ಡ್ಯೂಟಿಗೆ ಹೋಗಿದ್ದ. ಮೇಸ್ತ್ರಿಯೇ ಕಾರು ಹತ್ತಿಸಿ ಇಳಿಸಿದರು. ಮಣ್ಣು ಮತ್ತೆ ರೊಟ್ಟಿಯಾಗಿ ಬಂತು.

"ಇನ್ನೂ ಒಂದೂವರೆ ಇಂಚು ಮ್ಯಾಲೆ ಓಗ್ಬೇಕು ಅಮ್ಮಣ್ಣಿ. ಇವತ್ತು ಗ್ಯಾಸು ಮುಗೀತು. ನಾಳೆ ಆಯುಧ ತೊಳ್ದು ಇಡ್ಬೇಕು, ನಾಡಿದ್ದು ಪೂಜೆ, ಅವತ್ತು ಮುಟ್ಟಂಗಿಲ್ಲ. ದಸಮಿ ದಿನ ಬೆಳಗ್ಗೇನೇ ಬಂದು ಮುಗಿಸ್ಕೊಡ್ತೀನಿ. ನಿಮ್ಮಣ್ಣಂಗೆ ಏಳಿ."

ಹೊಸ ಮುದ್ದೆ ಮೆತ್ತಿ ಹೋದರು. ನಾನು ಅಣ್ಣನಿಗೆ ಹೇಳಲಿಲ್ಲ. ಮರೆತೆ ಎಂದರೆ ಸುಳ್ಳಾಗುತ್ತದೆ. ಹೇಳಿದರೆ ಅವನು ಹಬ್ಬದ ಎರಡು ದಿನ ಮುಖ ಊದಿಸಿಕೊಂಡಿರುತ್ತಾನೆ, ಹೇಗೂ ಮಣ್ಣು ಕಾಣಿಸುತ್ತದಲ್ಲ, ಸಾಕು ಅಂದುಕೊಂಡೆ.

ಪೂಜೆಯ ದಿನ ಅಪ್ಪನ ನೇಗಿಲು, ಕುಡುಗೋಲು, ಅಮ್ಮನ ಈಳಿಗೆಮಣೆ ಎಲ್ಲ ತೊಳೆದದ್ದಾಯಿತು. ಮಣ್ಣಿನ ಕಟ್ಟಳೆ ಗೊತ್ತಿಲ್ಲದ ಅಮ್ಮ ಕೊಟ್ಟಿಗೆಗೆ ಬಂದು ಕಾರಿನ ಕೆಳಗೆ ಇಣುಕಿ ಮುಖ ಸಿಂಡರಿಸಿದರು. "ಏನೇ ಇದು, ಮಣ್ಣು ಮೆತ್ತಿಕೊಂಡಿರೋ ಗಾಡಿಗೆ ಪೂಜೆ ಮಾಡ್ತಾರಾ? ತೊಳಿ." ನಾನು ಎರಡು ಬಿಂದಿಗೆ ನೀರು ಹೊಯ್ದು ಉಜ್ಜಿದೆ. ಮಣ್ಣು ಕಳಚಿ ನೀರಲ್ಲಿ ಹೋಯಿತು. ಪೂಜೆ ಮುಗಿದ ಮೇಲೆ ನಾನೇ ಎರಡು ಮುದ್ದೆ ಕಟ್ಟಿ ಮೆತ್ತಿದರಾಯಿತು, ಕೆರೆಯೇನು ದೂರವೇ ಎಂದುಕೊಂಡೆ.

ಅಷ್ಟಕ್ಕೇ ನಿಲ್ಲಿಸಿದ್ದರೂ ಆಗುತ್ತಿತ್ತೇನೋ. ತೊಳೆದ ಮೇಲೆ ಬ್ರಾಕೆಟ್ಟುಗಳ ಸುತ್ತ ಬೆಸುಗೆಯ ಚುಕ್ಕಿಗಳು, ಒಡೆದು ತೆಗೆದ ಹಳೇ ಗಾಯಗಳು ಕಜ್ಜಿಯ ಹಾಗೆ ಎದ್ದು ಕಂಡವು. ಹಬ್ಬದ ದಿನ ಚೆಂದ ಕಾಣಲಿ ಎಂದು ಅಣ್ಣನ ಕಪ್ಪು ಬಣ್ಣದ ಡಬ್ಬಿ ತೆಗೆದು, ಬ್ರಾಕೆಟ್ಟಿಗೂ ಆಕ್ಸಲ್ಲಿಗೂ ದಪ್ಪಗೆ ಬಳಿದೆ. ಅಪ್ಪ ಹೊಲದ ಕಡೆ ಹೋಗಿದ್ದರು, ಅಮ್ಮ ಒಲೆಯ ಮುಂದಿದ್ದರು; ಬಳಿದದ್ದನ್ನು ಯಾರೂ ನೋಡಲಿಲ್ಲ. ಚುಕ್ಕಿ ಎಲ್ಲಿದೆ, ಪೂರ್ತಿ ಬೆಸುಗೆ ಎಲ್ಲಿದೆ ಎಂದು ಯಾರಿಗೂ ಗೊತ್ತಾಗದ ಹಾಗೆ ಹೊಳೆಯಿತು. ಅದರ ಮೇಲೆ ಅರಿಶಿನ ಕುಂಕುಮ ಇಟ್ಟು, ಚೆಂಡುಹೂವಿನ ಹಾರ ಹಾಕಿ, ದೂರ ನಿಂತು ನೋಡಿ ಹೆಮ್ಮೆಪಟ್ಟೆ.

ಅಣ್ಣ ಕಾರ್ಖಾನೆಯ ಪೂಜೆ ಮುಗಿಸಿಕೊಂಡು ಕಡ್ಲೆಪುರಿಯ ಪೊಟ್ಟಣ ಹಿಡಿದು ಮಧ್ಯಾಹ್ನ ಬಂದ. ಅಪ್ಪ ಮಂಗಳಾರತಿ ಎತ್ತಿ, ಕುಂಬಳಕಾಯಿ ಒಡೆದು, ಚಕ್ರಗಳ ಕೆಳಗೆ ನಿಂಬೆಹಣ್ಣು ಇಟ್ಟರು. ನಾನು ಒಬ್ಬಟ್ಟು ತಟ್ಟಲು ಒಳಗೆ ಹೋದೆ. ನಿಂಬೆಹಣ್ಣಿನ ಮೇಲೆ ಒಂದು ಸುತ್ತು ಗಾಡಿ ಹತ್ತಿಸುವುದು ಪದ್ಧತಿ. ಎಂಜಿನ್ ಶಬ್ದ ಕೇಳಿದಾಗ ಅದಕ್ಕೇ ಇರಬೇಕು ಅಂದುಕೊಂಡೆ. ಶಬ್ದ ನಿಲ್ಲಲಿಲ್ಲ. ಕೈಯೊರೆಸಿಕೊಳ್ಳುತ್ತ ಓಡಿ ಬಂದರೆ ಕಾರು ಗೇಟು ದಾಟುತ್ತಿತ್ತು.

"ಅಣ್ಣಾ, ಬೇಡ! ನಿಲ್ಸೋ!"

ಅವನು ತಿರುಗಿ ನೋಡಿ ನಕ್ಕು ಕೈಯೆತ್ತಿದ. ನಾನು ಕಳಿಸಿಕೊಡುತ್ತಿದ್ದೇನೆ ಅಂದುಕೊಂಡ. ಪಕ್ಕದಲ್ಲಿ ಅಪ್ಪ ಸಂತೋಷದಿಂದ ಹೇಳಿದರು: "ಕೆಳಗೆ ಬಗ್ಗಿ ಕೈಯಾಡ್ಸಿ ನೋಡ್ದ. ಮೇಸ್ತ್ರಿ ಮುಗ್ಸ್‌ಬಿಟ್ಟವ್ರೆ ಅಪ್ಪ, ಮಣ್ಣು ತೆಗ್ದವ್ರೆ, ಬಣ್ಣಾನೂ ಹೊಡ್ದವ್ರೆ ಅಂದ. ದೊಡ್ಡಬಳ್ಳಾಪುರದ ರಸ್ತೇಲಿ ಒಂದು ಮೈಲಿ ಹೋಗಿ ಬರ್ತಾನಂತೆ."

ಒಂದು ಮೈಲಿಯೂ ಹೋಗಲಿಲ್ಲ. ಮೋರಿಯ ದಿಬ್ಬ ಹಾರಿ ಇಳಿದಾಗ ಎಡಗಡೆಯ ಬ್ರಾಕೆಟ್ಟು ಕಿತ್ತುಬಂದು, ಕೊಳವೆ ಚಕ್ರಕ್ಕೆ ಸಿಕ್ಕಿಕೊಂಡು, ಕಾರು ಹುಣಸೆಮರಕ್ಕೆ ಹೊಡೆಯಿತು. ಸೈಕಲ್ಲಿನಲ್ಲಿ ಬಂದವನೊಬ್ಬ ಹೇಳಿದ. ಅಪ್ಪ ಎತ್ತಿನ ಗಾಡಿಯಲ್ಲಿ ಅಣ್ಣನನ್ನು ತಂದರು. ಬರುವಾಗಲೇ ಅವನ ಜೀವ ಹೋಗಿತ್ತು.

ಮಾರನೆಯ ದಿನ ಹೇಳಿದ ಮಾತಿನಂತೆ ಮೇಸ್ತ್ರಿ ಬೆಳಗಿನ ರೈಲಿಗೆ ಬಂದರು. ಕೈಯಲ್ಲಿ ಡಬ್ಬಿ, ಹೆಗಲ ಮೇಲೆ ಬೆಸುಗೆಯ ಪೈಪು. ಸ್ಟೇಷನ್ನಿನಿಂದ ಬರುವ ದಾರಿಯಲ್ಲೇ ಯಾರೋ ಹೇಳಿದ್ದರಂತೆ. ಎತ್ತು ಕಟ್ಟಿ ಎಳೆತಂದ ಕಾರು ಅಂಗಳದಲ್ಲಿ ಬಿದ್ದಿತ್ತು, ಪೊಲೀಸಿನವನೊಬ್ಬ ಸ್ಟೂಲಿನ ಮೇಲೆ ಕೂತಿದ್ದ. ಅವರು ಯಾರನ್ನೂ ಮಾತಾಡಿಸದೆ ಕಾರಿನ ಪಕ್ಕ ಕುಕ್ಕರಗಾಲಲ್ಲಿ ಕೂತು ಒಳಗೆ ಕೈಹಾಕಿದರು. ಮಣ್ಣಿರಬೇಕಾದ ಜಾಗದಲ್ಲಿ ಬೆರಳಾಡಿಸಿ ಹೊರಗೆ ತೆಗೆದರು. ಬೆರಳ ತುದಿಯಲ್ಲಿ ಇನ್ನೂ ಪೂರ್ತಿ ಒಣಗದ ಕಪ್ಪು ಬಣ್ಣ. ಅದನ್ನು ನೋಡಿದರು, ತಲೆಯೆತ್ತಿ ಬಾಗಿಲಲ್ಲಿ ನಿಂತಿದ್ದ ನನ್ನನ್ನು ನೋಡಿದರು. ನನ್ನ ಉಗುರುಗಳಲ್ಲಿಯೂ ಅದೇ ಕಪ್ಪು ಇತ್ತು. ನಾನು ಕೈಗಳನ್ನು ಸೆರಗಿನೊಳಗೆ ಎಳೆದುಕೊಂಡೆ.

"ಈ ಕೆಲಸ ಯಾರ್ದಯ್ಯಾ?" ಎಂದು ಪೊಲೀಸಿನವನು ಕೇಳಿದ.

"ನಂದೇ ಸ್ವಾಮಿ. ಬ್ರಾಕೆಟ್ಟು ಇಟ್ಟೋನು ನಾನು. ಜಾಗ ತಪ್ಪಾಗಿತ್ತು. ಬೆಸುಗೆ ಪೂರ್ತಿ ಆಕಿರಲಿಲ್ಲ."

ಒಂದೊಂದು ಮಾತೂ ನಿಜ. ಆದರೆ ಉಳಿದ ಅರ್ಧವನ್ನು ಹೇಳಬೇಕಾದವಳು ನಾನು, ಬಾಯಿ ಬಿಡಲಿಲ್ಲ. ಅಪ್ಪ ಕಾಲಿನ ಮೆಟ್ಟು ಕಿತ್ತುಕೊಂಡು ಅವರ ಮುಖಕ್ಕೆ ಹೊಡೆದರು. "ನನ್ನ ಮಗನ್ನ ತಿಂದೆಯಲ್ಲೋ" ಎನ್ನುತ್ತ ಮೂರು ಸಲ ಹೊಡೆದರು. ಮೇಸ್ತ್ರಿ ಕೈ ಅಡ್ಡ ಹಿಡಿಯಲಿಲ್ಲ. ಪೊಲೀಸಿನವನೇ ಬಿಡಿಸಿದ. ನಾನು ನೋಡುತ್ತ ನಿಂತಿದ್ದೆ.

ಮನೆಯಲ್ಲೇ ಕಟ್ಟಿದ ಗಾಡಿ, ಸತ್ತವನೇ ಅದರ ಯಜಮಾನ ಎಂದು ಕೇಸು ಮುಂದೆ ಹೋಗಲಿಲ್ಲ. ಮಾತು ಮಾತ್ರ ಹೋಯಿತು. ಅಪ್ಪ ಮಂಡಿಗೆ ಹೋದಾಗಲೆಲ್ಲ ಎದುರಾದ ಲಾರಿಯವರಿಗೆಲ್ಲ ಹೇಳಿದರು. ನಾಲ್ಕು ಚುಕ್ಕಿ ಇಟ್ಟು, ಮೇಲೆ ಬಣ್ಣ ಬಳಿದು, ಕೆಲಸ ಆಯಿತೆಂದು ಕೊಟ್ಟವನು ಅವನು ಎಂದರು. ಬಣ್ಣ ಬಳಿದ ಕಳ್ಳ ಎಂಬ ಹೆಸರು ಯಶವಂತಪುರದಲ್ಲಿ ನಿಂತಿತು. ನನಗೆ ಹೆಬ್ಬಾಳಕ್ಕೆ ಮದುವೆಯಾಯಿತು. ಗಂಡ ಒಳ್ಳೆಯವರು, ಅವರಿಗೂ ಹೇಳಲಿಲ್ಲ.

ಎರಡು ವರ್ಷದ ಮೇಲೆ ಒಂದು ದಿನ ತಡೆಯಲಾರದೆ ಶೆಡ್ಡಿಗೆ ಹೋದೆ. ಲಾರಿ ಒಂದೂ ಇರಲಿಲ್ಲ. ಮೇಸ್ತ್ರಿ ಬಕೆಟ್ಟುಗಳಿಗೆ ಹಿಡಿ ಕೂರಿಸುತ್ತಿದ್ದರು. ಗುರುತು ಹಿಡಿದು ಡಬ್ಬವೊಂದನ್ನು ಮಗುಚಿ ಕೂರಲು ಹಾಕಿದರು. ನಾನು ಅಳುತ್ತ ಎಲ್ಲ ಹೇಳಿದೆ. ತೊಳೆದದ್ದು, ಬಣ್ಣ ಬಳಿದದ್ದು, ಅಣ್ಣನಿಗೆ ಹೇಳದೆ ಉಳಿದದ್ದು. ಅವರು ಕೆಲಸ ನಿಲ್ಲಿಸಲಿಲ್ಲ.

"ಇದ್ನ ನನಗ್ಯಾಕೆ ಏಳ್ತೀರಾ ಅಮ್ಮಣ್ಣಿ? ನಂಗೆ ಅವತ್ತೇ ಗೊತ್ತಾಯ್ತಲ್ಲ."

"ಯಾಕೆ ಮತ್ತೆ ಪೊಲೀಸಿನವನ ಮುಂದೆ ಹೇಳ್ಲಿಲ್ಲ?"

"ಮಗನ ಹೆಣ ಒಳಗಿತ್ತು. ನಿಮ್ಮಪ್ಪನ ಕೈಯಾಗೆ ಮೆಟ್ಟಿತ್ತು. ನಿಮ್ಮನ್ನ ಉಳಿಸ್ತಿದ್ರಾ? ನನ್ ತಪ್ಪೂ ಐತೆ ಬಿಡಿ. ಮಣ್ಣು ನಂಬ್ಕಂಡು ಅರೆ ಕೆಲಸ ಬಿಟ್ಟು ಓಗ್ಬಾರ್ದಿತ್ತು. ಒಂದು ಚಕ್ರನಾದ್ರೂ ಬಿಚ್ಕಂಡು ಓಗ್ಬೇಕಿತ್ತು." ಸುತ್ತಿಗೆ ಕೆಳಗಿಟ್ಟರು. "ಸತ್ತೋರ ಲೆಕ್ಕ ನಾನು ತಲೆ ಮ್ಯಾಲೆ ಒತ್ಕಂಡಿದೀನಿ. ಆದ್ರೆ ನಾನು ಬಣ್ಣ ಬಳಿಯೋನಲ್ಲ. ಜನ್ಮದಾಗೆ ಒಂದು ಬೆಸುಗೆ ಮ್ಯಾಲೆ ಬಣ್ಣ ಬಳ್ದು ಕೊಟ್ಟೋನಲ್ಲ. ಅದೊಂದು ನಿಮ್ಮಪ್ಪಂಗೆ ಏಳಿ. ನಾನು ಇರೋವಾಗ್ಲೇ ಏಳಿ."

ಹೇಳುತ್ತೇನೆ ಎಂದು ಮಾತು ಕೊಟ್ಟು ಬಂದೆ.

ಕೊಟ್ಟ ಮಾತು ಮೂರು ವರ್ಷ ಎಳೆಯಿತು. ಮೊದಲು ನಾನು ಬಸುರಿ, ಈಗ ಬೇಡ ಎಂದುಕೊಂಡೆ. ಆಮೇಲೆ ಅಪ್ಪನಿಗೆ ಎದೆನೋವು ಬಂತು, ಕೇಳಿ ಏನಾದರೂ ಆದರೆ ಎಂದುಕೊಂಡೆ. ಅಮ್ಮ ತೀರಿಕೊಂಡರು, ಅಪ್ಪ ಒಬ್ಬರೇ ಎಂದುಕೊಂಡೆ. ನೆಪಕ್ಕೇನು ಬರವೇ? ತವರಿಗೆ ಹೋದಾಗಲೆಲ್ಲ ಅಪ್ಪ ಜಗಲಿಯಲ್ಲಿ ಕೂತು ಬಂದವರ ಮುಂದೆ ಮೇಸ್ತ್ರಿಗೆ ಶಾಪ ಹಾಕುತ್ತಿದ್ದರು, ನಾನು ಕಾಫಿ ತಂದುಕೊಡುತ್ತಿದ್ದೆ. ನಿಜವಾದ ಕಾರಣ ಒಂದೇ. ಅಪ್ಪನ ಕಣ್ಣಿನಲ್ಲಿ ನಾನು ಮಗಳಾಗಿಯೇ ಉಳಿಯಬೇಕಿತ್ತು. ಅದಕ್ಕೆ ಇನ್ನೊಬ್ಬರ ಹೆಸರು ಕೊಳೆಯಲಿ ಎಂದು ಬಿಟ್ಟೆ. ಹೇಡಿತನಕ್ಕೆ ಬೇರೆ ಹೆಸರು ನನಗೆ ಗೊತ್ತಿಲ್ಲ.

ಮೇಸ್ತ್ರಿ ತೀರಿಕೊಂಡ ಸುದ್ದಿ ನನಗೆ ಸಿಕ್ಕಿದ್ದು ಅವರ ಹನ್ನೊಂದನೆಯ ದಿನದ ಬೆಳಿಗ್ಗೆ. ಹೆಬ್ಬಾಳಕ್ಕೆ ಸೌದೆ ತರುವ ಗಾಡಿಯವನು ಹೇಳಿದ. ಶೆಡ್ಡಿನ ಹಿಂದೆಯೇ ಅವರ ಬಾಡಿಗೆ ಮನೆ. ಕಾರ್ಯಕ್ಕೆ ಹತ್ತು ಜನರೂ ಇರಲಿಲ್ಲ, ಲಾರಿಯವರಂತೂ ಒಬ್ಬರೂ ಇಲ್ಲ. ಕೆಮ್ಮು ಕಚ್ಚಿಕೊಂಡು ಎರಡು ತಿಂಗಳು ಮಲಗಿದ್ದರಂತೆ. ನಾನು ಯಾರೆಂದು ಹೇಳಿದಾಗ ಅವರ ಹೆಂಡತಿ ನನ್ನ ಮುಖವನ್ನು ನೋಡಿದರು.

"ಯಲಂಕದೋರಾ? ಮಲಗಿದ್ದಾಗ ದಿನಾ ಕೇಳೋರು, ಯಲಂಕದಿಂದ ಯಾರಾನಾ ಬಂದ್ರಾ ಅಂತ. ಯಾರು ಬರ್ಬೇಕು ಅಂದ್ರೆ ಏಳ್ತಿರಲಿಲ್ಲ."

ಅಲ್ಲಿಂದ ಮನೆಗೆ ಹೋಗಲಿಲ್ಲ. ಸೀದಾ ಯಲಹಂಕಕ್ಕೆ ಹೋದೆ. ಅಪ್ಪ ಜಗಲಿಯ ಮೇಲೆ ಅವರೆಕಾಯಿ ಸುಲಿಯುತ್ತಿದ್ದರು. ನಿಂತುಕೊಂಡೇ ನಾನು ಮಾಡಿದ್ದೆಲ್ಲವನ್ನೂ ಹೇಳಿದೆ. ಮೆಟ್ಟು ತೆಗೆಯುತ್ತಾರೆ, ಹೊಡೆಯಲಿ ಎಂದು ಕಾದೆ. ಅವರು ಎದೆ ಹಿಡಿದುಕೊಳ್ಳಲಿಲ್ಲ, ಬೈಯಲಿಲ್ಲ. ಕೈಯಲ್ಲಿದ್ದ ಕಾಯಿ ಕೈಯಲ್ಲೇ ಇತ್ತು. ಅದನ್ನು ಮೊರದಲ್ಲಿಟ್ಟು, ಗೋಡೆ ಹಿಡಿದು ಎದ್ದು, ಒಳಗೆ ಹೋಗಿ ಪೇಟ ಸುತ್ತಿಕೊಂಡು ಬಂದರು.

"ಮೂರು ಗಂಟೆ ರೈಲು ಸಿಕ್ತದೆ. ನಡಿ ಮಗಾ, ಅವನತ್ರ ಕರ್ಕೊಂಡು ಹೋಗು. ಕಾಲು ಹಿಡೀಬೇಕು."

ಅವರು ಆಗಲೇ ಅಂಗಳಕ್ಕೆ ಇಳಿದಿದ್ದರು. ಮೇಸ್ತ್ರಿ ಹೋಗಿ ಇವತ್ತಿಗೆ ಹನ್ನೊಂದು ದಿನವಾಯಿತು ಅಪ್ಪ ಎಂದು ನಾನೇ ಹೇಳಬೇಕಾಯಿತು.